ಅಂಟಿಕೊಂಡಿದ್ದ ಎರಡು ಪುಟ

ಒಂದು ಹಳೆಯ ಚಿತ್ರಕಥೆಯ ಪುಸ್ತಕಕ್ಕೆ ಹೊಸ ಬೈಂಡು ಹಾಕಲು ಎರಡು ತುಂಡು ರಟ್ಟು, ಒಂದು ಗೇಣು ಬಟ್ಟೆ, ನಾಲ್ಕು ಮೊಳ ನೂಲು, ಎರಡು ಚಮಚ ಮೈದಾ ಅಂಟು, ಒಂದೂವರೆ ಗಂಟೆ ಬೇಕು. ಹರಿದ ಪುಟಕ್ಕೆ ತೇಪೆ ಹಾಕಿದಾಗ ಎದುರು ಪುಟಕ್ಕೆ ಅಂಟದಿರಲೆಂದು ನಡುವೆ ಇಡುವ ಮೇಣದ ಕಾಗದಕ್ಕೆ ಮಾತ್ರ ಖರ್ಚಿಲ್ಲ. ಒಂದೇ ತುಂಡು ವರ್ಷವಿಡೀ ಬರುತ್ತದೆ. ಖರ್ಚಿಲ್ಲದ ಆ ಒಂದನ್ನೇ ನಾನು ಮರೆತದ್ದು.

ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಾನೂ ಅತ್ತೆಯೂ ಬೈಂಡಿಂಗ್ ಮಾಡುತ್ತೇವೆ. ಹೊಲಿಗೆ, ಅಂಟು ನನ್ನದು. ಮಡಿಕೆ ಒತ್ತುವುದು ಅತ್ತೆಯದು. ಅತ್ತೆಗೆ ಅಕ್ಷರ ಬರುವುದಿಲ್ಲ. ಆದರೆ ರಿಪೇರಿಗೆ ಬಂದ ಯಾವ ಚಿತ್ರಕಥೆಯನ್ನೂ ಮೊದಲಿನಿಂದ ಕೊನೆಯವರೆಗೆ ನೋಡದೆ ನನ್ನ ಕೈಗೆ ಕೊಟ್ಟವರಲ್ಲ. ಅಭಿಪ್ರಾಯಗಳಿಗಂತೂ ಬರವಿಲ್ಲ. ಪುಟಗಟ್ಟಲೆ ಹೊಡೆದಾಟ ಬಂದರೆ, ಬರೆದವನ ಹತ್ತಿರ ಕಥೆ ಖಾಲಿಯಾಗಿದೆ ಎನ್ನುತ್ತಾರೆ. ಮಾತಿನ ಗುಳ್ಳೆ ಮುಖಕ್ಕಿಂತ ದೊಡ್ಡದಾದರೆ ಅವನಿಗೆ ಮುಖ ಬರೆಯಲು ಬರುವುದಿಲ್ಲ. ಒಂದು ಚೌಕಕ್ಕೂ ಮುಂದಿನದಕ್ಕೂ ನಡುವಿನ ಬಿಳಿ ಪಟ್ಟಿಯಲ್ಲೇ ನಿಜವಾದ ಕಥೆ ಇರುವುದಂತೆ. ಸೊಸೆ ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಏನು ಮಾಡುತ್ತಾಳೆಂದು ಅತ್ತೆಗೆ ಯಾರಾದರೂ ಹೇಳಬೇಕೇ ಎಂದು ನನ್ನನ್ನೇ ಉದಾಹರಣೆ ಕೊಡುತ್ತಾರೆ.

ಒಂದು ವರ್ಷ ಜಾಗ ಸಾಲದೆ, ಚಿತ್ರಕಥೆಗಳ ಇಡೀ ಕಪಾಟನ್ನು ರದ್ದಿಗೆ ಹಾಕುವ ಮಾತು ಬಂತು. ಒಟ್ಟು ಇನ್ನೂರ ಹನ್ನೆರಡು ಪುಸ್ತಕ. ತೀರ್ಮಾನ ಗ್ರಂಥಾಲಯ ಸಮಿತಿಯ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರದ್ದು. ನ್ಯಾಯವಂತರು, ಓದದೆ ತೀರ್ಪು ಕೊಡುವವರಲ್ಲ. ಇರುವುದರಲ್ಲೇ ಒಳ್ಳೆಯದೊಂದನ್ನು ಕೊಡಿ, ಅದು ನನ್ನನ್ನು ಒಪ್ಪಿಸಿದರೆ ಎಲ್ಲವೂ ಉಳಿಯಲಿ ಎಂದರು. ಗ್ರಂಥಪಾಲಕಿ ಅತ್ತೆಯನ್ನು ಕೇಳಿದರು. ಅತ್ತೆ ಎತ್ತಿಕೊಟ್ಟದ್ದು ಚಪ್ಪಲಿ ಹೊಲಿಯುವ ಅಪ್ಪ, ಮಗಳ ಕಥೆ. ಅದೇ ವಾರ ನಾನು ಅದರ ಹರಿದ ಅಂಚಿಗೆ ತೇಪೆ ಹಾಕಿದ್ದೆ.

ಎಂಟು ದಿನದ ಮೇಲೆ ಮೇಷ್ಟ್ರು ಪುಸ್ತಕವನ್ನೂ ಬರೆದ ವರದಿಯನ್ನೂ ಹಿಡಿದು ನಮ್ಮ ಕೋಣೆಗೇ ಬಂದರು, ಜೊತೆಗೆ ಗ್ರಂಥಪಾಲಕಿ. ಚಿತ್ರ ಚೆನ್ನಾಗಿದೆ, ಕಥೆಗೆ ತಲೆಬುಡವಿಲ್ಲ ಎಂದರು. ಜಗಳವಾಡಿ ಮನೆ ಬಿಟ್ಟ ಮಗಳು ತನ್ನ ಪೆಟ್ಟಿಗೆ ಒಯ್ಯಲು ಬರುತ್ತಾಳೆ. ಪುಟ ತಿರುವಿದರೆ ಅಪ್ಪನ ಪಕ್ಕ ಕೂತು ಚಪ್ಪಲಿಯ ಅಟ್ಟೆ ಹೊಲಿಯುತ್ತಿದ್ದಾಳೆ. ಮನಸ್ಸು ಯಾಕೆ ಬದಲಾಯಿತೆಂದು ಬರೆದವನಿಗೇ ಗೊತ್ತಿಲ್ಲ.

“ಆ ದೊಡ್ಡ ಚಿತ್ರ ನೋಡಿದ ಮೇಲೂ ಹೀಗಂತೀರಾ ಮೇಷ್ಟ್ರೇ?” ಎಂದರು ಅತ್ತೆ.

“ಯಾವ ದೊಡ್ಡ ಚಿತ್ರ?”

“ಎರಡು ಪುಟ ತುಂಬಾ ಇದೆಯಲ್ಲ. ಕನ್ನಡಕ ಇಲ್ದೆ ಓದಿದ್ರಾ?”

“ಒಂದು ಪುಟಾನೂ ಬಿಟ್ಟಿಲ್ಲಮ್ಮ. ನಿಮಗೆ ಬೇರೆ ಯಾವುದೋ ಪುಸ್ತಕ ನೆನಪಾಗಿರಬೇಕು.”

ಗ್ರಂಥಪಾಲಕಿ ಅತ್ತೆಯ ಕಡೆ ಕನಿಕರದಿಂದ ನೋಡಿದರು. ನಾನು ಮಾತ್ರ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡೆ. ತೇಪೆ ಹಾಕಿದ ದಿನ ಮೇಣದ ಕಾಗದ ಅಂಟಿನ ಬಟ್ಟಲ ಕೆಳಗೇ ಉಳಿದಿತ್ತು. ಆ ಪುಸ್ತಕದಲ್ಲಿ ಪುಟಸಂಖ್ಯೆಯೂ ಇಲ್ಲ. ಎರಡು ಹಾಳೆ ಒಂದಾದರೆ ಯಾರಿಗೆ ಗೊತ್ತಾಗಬೇಕು? ಪುಸ್ತಕ ಕೆಡಿಸಿದರೆ ಮಜೂರಿಯಿಲ್ಲವೆಂಬುದು ನಮ್ಮ ಕರಾರು, ಮುಂದೆ ಕೆಲಸ ಸಿಗುವ ಖಾತರಿಯೂ ಇಲ್ಲ. ನಾನು ಸುಮ್ಮನಿದ್ದರೆ ಮುದುಕಿಗೆ ಅರಳುಮರುಳು ಎಂದಾಗುತ್ತಿತ್ತು, ಕಪಾಟು ತಕ್ಕಡಿಗೆ ಹೋಗುತ್ತಿತ್ತು.

“ತಪ್ಪು ನಂದು ಸಾರ್,” ಎಂದೆ. “ಎರಡು ಹಾಳೆ ಅಂಟಿಸಿಬಿಟ್ಟಿದ್ದೀನಿ. ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗಿದೆ.”

“ಪುಟ ಹೊಲಿ ಅಂದ್ರೆ ಕಥೆ ಬಾಯೇ ಹೊಲಿದಿಟ್ಟಿದ್ದಾಳೆ,” ಎಂದರು ಅತ್ತೆ. ಆದರೆ ಬಿಸಿನೀರಿನ ಬಟ್ಟಲನ್ನು ನನ್ನ ಮುಂದೆ ಇಟ್ಟವರೂ ಅವರೇ.

ದಪ್ಪಗಿದ್ದ ಹಾಳೆಯ ಅಂಚಿಗೆ ಒದ್ದೆ ಬಟ್ಟೆಯ ಪಟ್ಟಿ ಇಟ್ಟು ಕಾದೆ. ಮೈದಾ ಅಂಟಿನ ಗುಣವೇ ಅದು, ಹಿಡಿದದ್ದನ್ನು ನೀರು ಕಂಡರೆ ಬಿಡುತ್ತದೆ. ಮಡಿಕೆ ಒತ್ತುವ ಮೂಳೆಯ ಪಟ್ಟಿಯನ್ನು ಅತ್ತೆ ಮೆಲ್ಲಗೆ ಒಳಗೆ ಜಾರಿಸಿದರು. ಹಾಳೆ ಬಿಟ್ಟುಕೊಂಡಿತು, ಬಣ್ಣ ಒಂದಿಷ್ಟೂ ಕಿತ್ತುಬರಲಿಲ್ಲ.

ಎರಡು ಪುಟಕ್ಕೂ ಸೇರಿ ಒಂದೇ ಚಿತ್ರ. ಮಾತಿಲ್ಲ. ತೆರೆದ ಪೆಟ್ಟಿಗೆಯೊಳಗೆ ಮಗಳ ಚಪ್ಪಲಿಗಳು, ಅಂಗೈಯಷ್ಟು ಪುಟ್ಟದರಿಂದ ಹಿಡಿದು ಅವಳು ಮನೆ ಬಿಟ್ಟ ವರ್ಷದ ಜೋಡಿಯವರೆಗೆ ಸಾಲಾಗಿ. ಎಲ್ಲವೂ ಸವೆದವು, ಎಲ್ಲಕ್ಕೂ ಹೊಸ ಅಟ್ಟೆ. ಯಾರೂ ಇನ್ನು ಹಾಕದ ಚಪ್ಪಲಿಗೆ ಹೊಸ ಹೊಲಿಗೆ.

ಮೇಷ್ಟ್ರು ಪುಟ್ಟ ಜೋಡಿಯಿಂದ ಶುರುಮಾಡಿ ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದರು. ಹನ್ನೊಂದಾಯಿತು. ಮತ್ತೆ ಎಣಿಸಿದರು. ಆಮೇಲೆ ಪೆನ್ನು ತೆಗೆದು ವರದಿಯ ಮೂರು ಪುಟಕ್ಕೂ ಅಡ್ಡಗೆರೆ ಎಳೆದರು.

“ಇದನ್ನ ಮಾತಲ್ಲಿ ಬರೆದಿದ್ರೆ ಕೆಡ್ತಿತ್ತು,” ಎಂದರು.

“ನಾನೂ ಅದನ್ನೇ ಹೇಳ್ತಾ ಬಂದಿದ್ದು. ಕೇಳೋರು ಬೇಕಲ್ಲ,” ಎಂದರು ಅತ್ತೆ.

ಮರುವಾರ ಕಪಾಟು ಮೂಲೆಯಿಂದ ಮುಂಬಾಗಿಲ ಕಿಟಕಿಯ ಪಕ್ಕಕ್ಕೆ ಬಂತು. ಅತ್ತೆಯ ಹೆಸರಿಗೆ ಸದಸ್ಯತ್ವದ ಚೀಟಿಯಾಯಿತು. ಹೆಬ್ಬೆಟ್ಟು ಒತ್ತಿದ ಜಾಗದ ಕೆಳಗೆ ಮೇಷ್ಟ್ರು ತಮ್ಮ ಕೈಯಾರೆ ‘ಓದುಗರು’ ಎಂದು ಬರೆದರು. ಕೆಲಸ ನಮ್ಮ ಕೈಯಲ್ಲೇ ಉಳಿಯಿತು, ಆದರೆ ಕರಾರು ಕರಾರೇ. ನಾನು ಕಳೆದುಕೊಂಡದ್ದು ಒಂದು ಪುಸ್ತಕದ ಮಜೂರಿ. ಉಳಿದದ್ದು ಇನ್ನೂರ ಹನ್ನೆರಡು ಪುಸ್ತಕ.