ಟವೆಲ್ಲಿನ ಕೆಳಗಿನ ನಾಲ್ಕು ಬೆರಳು

ನಾನು ಮತ್ತು ಗುದ್ಲೆಪ್ಪ ಮೂವತ್ತೆಂಟು ವರ್ಷ ದನದ ಸಂತೆಗಳಲ್ಲಿ ದಲಾಲಿ ಮಾಡಿದೆವು. ನನ್ನದು ಹಾನಗಲ್, ಅವನದು ಶಿಗ್ಗಾಂವಿ. ಎತ್ತಿನ ದರವನ್ನು ನಾವು ಬಾಯಿಂದ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿಯುತ್ತಿದ್ದೆವು. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಇಡೀ ಕೈ ಹಿಡಿದರೆ ಐದು. ಸುತ್ತ ಎಷ್ಟು ಮಂದಿ ನಿಂತಿದ್ದರೂ ಹಿಡಿದವರಿಬ್ಬರಿಗೆ ಮಾತ್ರ ಗೊತ್ತು. ಟವೆಲ್ಲಿನ ಕೆಳಗೆ ಆದದ್ದು ಹೊರಗೆ ಬರಬಾರದು. ಇದನ್ನು ನಮಗೆ ಯಾರೂ ಬರೆದು ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಎರಡನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಂತೆ ಮುಗಿದು ಹೋಗುತ್ತಿತ್ತು.

ಟ್ರ್ಯಾಕ್ಟರು ಹೆಚ್ಚಾಗಿ ಎತ್ತು ಕಡಿಮೆಯಾದವು. ಆಮೇಲೆ ಕೊರೊನಾ ಬಂದು ಸಂತೆಯೇ ನಿಂತಿತು. ಗುದ್ಲೆಪ್ಪನಿಗೂ ಅದು ತಗುಲಿ ಹದಿನೈದು ದಿನ ಮಲಗಿ ಎದ್ದ. ಸಂತೆ ಮತ್ತೆ ಸುರುವಾದಾಗ ನಮ್ಮನ್ನು ಕರೆಯುವವರು ಇರಲಿಲ್ಲ. ಆದರೂ ಕಾಲು ಕೇಳಬೇಕಲ್ಲ. ಒಂದು ದಿನ ಹಿರೇಕೆರೂರಿನ ಸಂತೆಯಲ್ಲಿ ಸುಮ್ಮನೆ ತಿರುಗಾಡಿ, ಹಸಿವಾಗಿ, ಒಂದು ನೂಡಲ್ಸ್ ಗಾಡಿಯ ಮುಂದೆ ನಿಂತೆವು. ನಾನು ಅದನ್ನು ಮೊದಲ ಸಲ ಬಾಯಿಗೆ ಇಟ್ಟದ್ದು ಅಲ್ಲಿ. ತಿಂದು ಮುಗಿಸಿದ ಮೇಲೆ ಗಾಡಿಯವನು ಹೆಂಗಿತ್ತೆಂದು ಕೇಳಿದ. ಬೆವರು ಸುರಿಸಿ ಮಾಡಿ ಕೊಟ್ಟವನ ಎದುರಿಗೆ ಏನೆಂದು ಹೇಳುವುದು? ಗುದ್ಲೆಪ್ಪ ಟವೆಲ್ ತೆಗೆದು ಕೈ ಚಾಚಿದ. ನಾನು ಅವನ ಒಂದು ಬೆರಳು ಹಿಡಿದೆ. ಅವನೂ ನನ್ನ ಒಂದು ಬೆರಳು ಹಿಡಿದ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಅಲ್ಲಿಂದ ಅದೇ ನಮ್ಮ ಕೆಲಸವಾಯಿತು. ವಾರಕ್ಕೊಂದು ಊರು, ಒಂದೊಂದು ಬಟ್ಟಲು. ಬೆರಳು ಹಿಡಿಯುವುದು ಅಂಗಡಿಯಲ್ಲಿ, ಮಾತಾಡುವುದು ಬಸ್ಸು ಆ ಊರಿನ ಕೊನೆಯ ಮನೆ ದಾಟಿದ ಮೇಲೆ. ಹಾನಗಲ್ಲಿನ ಬಸ್ ಸ್ಟ್ಯಾಂಡ್ ಹಿಂದಿನ ಗಾಡಿಯವನದು ಎಳೆ ಚಲೋ ಇತ್ತು, ಆದರೆ ತಿಂದ ಮರುದಿನವೂ ನಾಲಿಗೆ ಕೆಂಪಗಿರುವಷ್ಟು ಬಣ್ಣ ಹಾಕುತ್ತಿದ್ದ. ಎರಡು. ಹಿರೇಕೆರೂರಿನವರು ಬೆಳಿಗ್ಗೆಯೇ ಕುದಿಸಿ ಬುಟ್ಟಿಗೆ ಹಾಕಿ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ನೆನೆದ ಹಗ್ಗ. ಶಿಗ್ಗಾಂವಿಯ ಒಂದು ಹೋಟೆಲಿನಲ್ಲಿ ಸಾರಿನ ನೂಡಲ್ಸ್ ಕೊಟ್ಟರು. ಸಾರು ಎಂದರೆ ಬಿಸಿನೀರಿಗೆ ಪೊಟ್ಟಣದ ಪುಡಿ. ಬಾಯಲ್ಲಿದ್ದಾಗ ರುಚಿ, ನುಂಗಿದರೆ ಏನೂ ಇಲ್ಲ. ಮೈಗೆ ಎಣ್ಣೆ ಹಚ್ಚಿ ಸಂತೆಗೆ ತಂದ ಮುದಿ ಎತ್ತಿನ ಹಾಗೆ. ಒಂದೂವರೆ ಹಿಡಿಯಲು ಬರುವುದಿಲ್ಲವೆಂದು ಎರಡು ಹಿಡಿದೆ.

ನಾನು ಎರಡು ಹಿಡಿದರೆ ಗುದ್ಲೆಪ್ಪನೂ ಎರಡು, ಒಂದು ಹಿಡಿದರೆ ಅವನೂ ಒಂದು. ಕೈ ಮೊದಲು ಚಾಚುವವನು ಅವನೇ, ಬೆರಳು ಮೊದಲು ಹಿಡಿಯುವವನು ನಾನು. ಇಷ್ಟು ವರ್ಷ ಕೂಡಿ ಇದ್ದು ಇಬ್ಬರಿಗೂ ಒಂದೇ ನಾಲಿಗೆ ಆಗಿದೆ ಎಂದು ನಾನು ಮನೆಯಲ್ಲಿಯೂ ಹೇಳಿಕೊಂಡು ತಿರುಗಿದೆ.

ಸವಣೂರಿನ ತಸ್ಲೀಮಾಳ ಅಂಗಡಿ ಸಿಕ್ಕಿದ್ದು ಹೋದ ವರ್ಷದ ಮಳೆಗಾಲ ಕಳೆದ ಮೇಲೆ. ನಾಲ್ಕು ಬೆಂಚಿನ ಅಂಗಡಿ. ಅವಳ ಗಂಡ ಮುಜಾಫರ ಗೋವಾದ ಹೋಟೆಲೊಂದರಲ್ಲಿ ಜಪಾನಿನ ಅಡುಗೆಯವನ ಕೈಕೆಳಗೆ ಇದ್ದವನು. ಇಲ್ಲಿನ ಸಾರಿನ ನೂಡಲ್ಸಿಗೆ ರಾಮೆನ್ ಎಂಬ ಹೆಸರೂ ಅದನ್ನು ಮಾಡುವ ರೀತಿಯೂ ಅವನಿಂದ ಬಂದದ್ದು. ಅವನು ಈಗಲೂ ಗೋವಾದಲ್ಲೇ ಇದ್ದಾನೆ. ಇಲ್ಲಿ ಒಲೆಯ ಮುಂದೆ ತಸ್ಲೀಮಾ. ಹುಲಗೂರಿನಿಂದ ದಿನಾ ಬಸ್ಸಿಗೆ ಬರುವ ಅವಳ ನಾದಿನಿ ಶಾಕೀರಾ ಹಿಟ್ಟು ನಾದಿ ಶಾವಿಗೆ ಮಷೀನಿಗೆ ಹಾಕಿ ತಿರುವುತ್ತಾಳೆ.

ಮೊದಲ ದಿನ ಬಟ್ಟಲು ಮುಂದೆ ಬಂದಾಗ ನಾನು ಕೂಡಲೇ ತಿನ್ನಲಿಲ್ಲ. ಸಾರು ಮಬ್ಬಾಗಿತ್ತು, ಮೇಲೆ ಕರಿ ಎಣ್ಣೆಯ ಹನಿಗಳು ತೇಲುತ್ತಿದ್ದವು. ಒಂದು ಚಮಚ ಕುಡಿದೆ. ತುಟಿಗೆ ತುಟಿ ಅಂಟಿತು. ಎಲುಬು ಬೆಳಗಿನಿಂದ ಸಣ್ಣ ಉರಿಯಲ್ಲಿ ಕೂತಿದೆ ಎಂದು ಗೊತ್ತಾಯಿತು. ಎಳೆ ಹಳದಿಯಾಗಿತ್ತು, ಹಲ್ಲಿಗೆ ಒಂದಿಷ್ಟು ತಿರುಗಿ ನಿಂತು ಆಮೇಲೆ ತುಂಡಾಗುತ್ತಿತ್ತು. ಕೊನೆಗೆ ಆ ಕರಿ ಎಣ್ಣೆ. ಕಹಿ ಇದೆ ಎನ್ನುವಷ್ಟರಲ್ಲಿ ಕಹಿ ಹೋಗಿ ಸಿಹಿ ಉಳಿಯುತ್ತಿತ್ತು. ಟವೆಲ್ಲಿನ ಕೆಳಗೆ ನಾಲ್ಕು ಬೆರಳು ಹಿಡಿದೆ. ಐದನೆಯದನ್ನು ಇನ್ನೊಂದು ಸಲ ನೋಡಿ ಹಿಡಿಯೋಣವೆಂದು ಉಳಿಸಿಕೊಂಡೆ. ಗುದ್ಲೆಪ್ಪನೂ ನಾಲ್ಕು ಹಿಡಿದ.

ಸವಣೂರಿನಿಂದ ಬಂಕಾಪುರದ ತನಕ ನಮ್ಮದು ಒಂದೇ ಬಸ್ಸು. ಕೊನೆಯ ಮನೆ ದಾಟಿದೊಡನೆ ಗುದ್ಲೆಪ್ಪ ಕೇಳಿದ.

“ಆ ಕರೇದು ಏನಿರಬೇಕೋ ನೀಲಪ್ಪ?”

“ಗುರೆಳ್ಳು. ಹುರದು, ಒಂದೀಟ ಹೊತ್ತಿಸಿ, ಎಣ್ಯಾಗ ಅರದಾಳ.”

ನನಗೆ ಸಂಶಯವೇ ಇರಲಿಲ್ಲ. ಕರಿ ಬಣ್ಣ, ಎಣ್ಣೆ ಅಂಶ, ಸಣ್ಣ ಕಹಿ. ನಮ್ಮ ಅವ್ವ ರೊಟ್ಟಿಗೆ ಹಚ್ಚಿ ಕೊಡುತ್ತಿದ್ದ ಗುರೆಳ್ಳಿನ ಪುಡಿ ನೆನಪಾಗಿತ್ತು.

ಅದಾದ ಮೇಲೆ ಅವನು ಬೇರೆ ಊರಿಗೆ ಹೋಗುವ ಮಾತೇ ತೆಗೆಯಲಿಲ್ಲ. ಪ್ರತಿ ವಾರ ಸವಣೂರು. ಪ್ರತಿ ವಾರ ಬಸ್ಸಿನಲ್ಲಿ ಒಂದೇ ಒಂದು ಪ್ರಶ್ನೆ. ಎಳೆ ಯಾಕೆ ಹಳದಿ ಎಂದು ಒಂದು ವಾರ. ಹಪ್ಪಳಕ್ಕೆ ಹಾಕುವ ಪಾಪಡಖಾರ ಹಾಕಿದ್ದಾಳೆ ಎಂದೆ. ಸಾರು ಯಾಕೆ ತುಟಿಗೆ ಅಂಟುತ್ತದೆ ಎಂದು ಇನ್ನೊಂದು ವಾರ. ಬರೀ ಎಲುಬಲ್ಲ, ಕೋಳಿಯ ಕಾಲು ಇದೆ ಎಂದೆ. ಕೊನೆಗೆ ಬಾಯಲ್ಲಿ ಉಳಿಯುವುದು ಏನೆಂದು ಮತ್ತೊಂದು ವಾರ. ಒಂದು ಹಿಡಿ ಒಣ ಸಿಗಡಿ ಎಂದೆ. ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳುವವರು ಮನೆಯಲ್ಲಿಯೂ ಇಲ್ಲ. ಅದಕ್ಕೇ ನಾಲಿಗೆ ಇನ್ನಷ್ಟು ಚುರುಕಾಯಿತು.

ಸಂಕ್ರಾಂತಿಯ ಹೊತ್ತಿಗೆ ಅವನು ಬರುವುದನ್ನು ಬಿಟ್ಟ. ಮೊಣಕಾಲು ಹಿಡಿದುಕೊಂಡಿದೆ, ಹಾಸಿಗೆ ಬಿಟ್ಟು ಏಳಲಾಗದು ಎಂದು ಫೋನಿನಲ್ಲಿ ಹೇಳಿದ. ಎರಡು ವಾರ ನಾನೂ ಹೋಗಲಿಲ್ಲ. ಮೂರನೇ ವಾರ ಒಬ್ಬನೇ ಹೋದೆ. ಜೊತೆಗೆ ಕೈ ಇಲ್ಲದ್ದರಿಂದ, ಅಂಗಡಿಯಲ್ಲಿ ಎಂದೂ ಬಾಯಿ ಬಿಡದವನು ಅಂದು ಬಿಟ್ಟೆ.

“ಗುರೆಳ್ಳ ಎಲ್ಲಿಂದ ತರಸ್ತಿ ತಂಗಿ? ಭಾಳ ಪಾಡ ಹುರದೀ.”

ತಸ್ಲೀಮಾ ಶಾಕೀರಾಳ ಮುಖ ನೋಡಿದಳು. ಶಾಕೀರಾ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

“ಗುರೆಳ್ಳ ಅಲ್ರಿ ಅಜ್ಜಾ, ಬಳ್ಳೊಳ್ಳಿ” ಎಂದಳು ತಸ್ಲೀಮಾ. “ಇಷ್ಟ ದಿನಾ ತಿಂದು ಅಷ್ಟೂ ಗೊತ್ತಾಗಲಿಲ್ಲೇನ್ರಿ ನಿಮಗ?”

ಒಳಗೆ ಕರೆದು ತೋರಿಸಿದಳು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಇದ್ದಿಲಿನ ಬಣ್ಣ ಬರುವ ತನಕ ಹುರಿದು, ಹೊತ್ತುವುದಕ್ಕೆ ಒಂದು ಗಳಿಗೆ ಮೊದಲು ಇಳಿಸಿ, ಅರೆದು ಮತ್ತೆ ಎಣ್ಣೆಗೆ ಬಿಟ್ಟಿದ್ದಳು. ಮುಜಾಫರ ಇದೊಂದನ್ನು ಕಲಿಯಲು ಎರಡು ವರ್ಷ ತೆಗೆದುಕೊಂಡನಂತೆ. ಇದನ್ನು ಬಲ್ಲವರು ಈ ಕಡೆ ತಾನು, ಶಾಕೀರಾ, ಇಬ್ಬರೇ, ಈಗ ನೀವು ಮೂರನೆಯವರು, ಯಾರ ಮುಂದೂ ಆಡಬೇಡಿ ಎಂದಳು. ಆಡುವುದಿಲ್ಲ ಎಂದೆ. ಹಾಗೆ ಹೇಳುವಾಗ ಗುದ್ಲೆಪ್ಪ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅವನಿಗೆ ಹೇಳಿದ್ದು ಹೊರಗೆ ಹೇಳಿದ ಹಾಗೆ ಎಂದು ನನಗೆ ಅನಿಸಿದ್ದೇ ಇಲ್ಲ. ಅವನು ಟವೆಲ್ಲಿನ ಒಳಗಿನವನು.

ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದ ನಾಲಿಗೆ ಬೆಳ್ಳುಳ್ಳಿಯನ್ನು ಗುರೆಳ್ಳು ಎಂದಿತಲ್ಲ! ಇದನ್ನು ಕೇಳಿದರೆ ಗುದ್ಲೆಪ್ಪನ ಮೊಣಕಾಲು ನೋವು ಅರ್ಧ ಇಳಿದೀತು ಎಂದುಕೊಂಡು, ಬಂಕಾಪುರದಲ್ಲಿ ಹಾನಗಲ್ ಬಸ್ಸು ಹತ್ತದೆ ಶಿಗ್ಗಾಂವಿಗೆ ಹೋದೆ.

ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಿಂದ ಅವನ ಮನೆಯ ಕಡೆ ತಿರುಗುವಲ್ಲಿ ಹೊಸ ಅಂಗಡಿಯೊಂದರ ಮುಂದೆ ಮಂದಿ ನಿಂತಿದ್ದರು. ಬೋರ್ಡಿನ ಅಕ್ಷರ ಒಂದೊಂದಾಗಿ ಕೂಡಿಸಿದೆ. ಕರಿ ರಾಮೆನ್. ಒಳಗೆ ಒಲೆಯ ಮುಂದೆ ಇದ್ದವನು ಪರಮೇಶ, ಗುದ್ಲೆಪ್ಪನ ಕಿರಿಯ ಮಗ. ಇಷ್ಟು ದಿನ ಮೊಬೈಲ್ ರಿಪೇರಿ ಮಾಡುತ್ತಿದ್ದವನು. ಮಗ ಅಂಗಡಿ ಹಾಕುತ್ತಾನೆಂದು ಗುದ್ಲೆಪ್ಪ ನನಗೆ ಒಂದು ಮಾತು ಹೇಳಿರಲಿಲ್ಲ. ನನ್ನನ್ನು ಕಂಡು ಪರಮೇಶನ ಕೈಯಲ್ಲಿನ ಸೌಟು ಅಲ್ಲೇ ನಿಂತಿತು. “ಬರ್ರಿ ಕಾಕಾ, ಕುಂದರ್ರಿ” ಎಂದ. ಯಾವಾಗ ಬಂದಿರಿ ಎಂದು ಕೇಳಲಿಲ್ಲ. ಒಬ್ಬನನ್ನು ಮನೆಯ ಕಡೆ ಓಡಿಸಿದ.

ಬಟ್ಟಲು ಬಂತು. ಎಳೆ ಹಳದಿಯಾಗಿತ್ತು, ಪಾಪಡಖಾರ. ಸಾರು ತುಟಿಗೆ ಅಂಟಿತು, ಕೋಳಿಯ ಕಾಲು. ಸಿಗಡಿಯೂ ಇತ್ತು. ಮೇಲೆ ಕರಿ ಎಣ್ಣೆ. ಚಮಚ ಬಾಯಿಗೆ ಇಟ್ಟೆ. ಗುರೆಳ್ಳು.

ಹುರಿದು, ಒಂದಿಷ್ಟು ಹೊತ್ತಿಸಿ, ಎಣ್ಣೆಯಲ್ಲಿ ಅರೆದ ಗುರೆಳ್ಳು. ಹಲ್ಲಿಗೆ ಮರಳಿನ ಹಾಗೆ ಸಿಕ್ಕಿತು. ತಸ್ಲೀಮಾಳ ಅಂಗಡಿಯಿಂದ ಯಾರೇ ಕದ್ದಿದ್ದರೂ ಬೆಳ್ಳುಳ್ಳಿಯನ್ನು ಕದಿಯುತ್ತಿದ್ದರು. ಗುರೆಳ್ಳು ಅವಳ ಅಂಗಡಿಯಲ್ಲಿ ಇರಲೇ ಇಲ್ಲ. ಅದು ಇದ್ದದ್ದು ನನ್ನ ಬಾಯಲ್ಲಿ, ಹೋದದ್ದು ಒಬ್ಬನ ಕಿವಿಗೆ.

ಗುದ್ಲೆಪ್ಪ ಬಂದ. ಬಿರಬಿರನೆ ನಡೆದು ಬಂದವನು ಬಾಗಿಲಲ್ಲಿ ನನ್ನನ್ನು ಕಂಡ ಮೇಲೆ ಕಾಲು ಎಳೆಯತೊಡಗಿದ. ಎದುರು ಬೆಂಚಿನಲ್ಲಿ ಕೂತ. ನಾನು ಬಟ್ಟಲನ್ನು ಅವನ ಕಡೆ ಸರಿಸಿದೆ. ಎರಡು ಚಮಚ ಕುಡಿದ. ಟವೆಲ್ ಹೊದಿಸಿದೆ. ಅವನ ಕೈ ಒಳಗೆ ಬಂದು ಎಂದಿನಂತೆ ಕಾದಿತು. ನಾನು ಬೆರಳು ಹಿಡಿಯಲಿಲ್ಲ, ಮುಷ್ಟಿ ಕಟ್ಟಿಕೊಂಡು ಕೂತೆ. ಅವನ ಬೆರಳುಗಳು ನನ್ನ ಮುಷ್ಟಿಯ ಸುತ್ತ ತಿರುಗಾಡಿದವು, ಸಂದು ಹುಡುಕಿದವು. ಅವನು ನನ್ನ ಮುಖ ನೋಡಿದ, ಅಲ್ಲಿಯೂ ಏನೂ ಸಿಗಲಿಲ್ಲ. ಕೊನೆಗೆ ನನ್ನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ನಾಲ್ಕು ಬೆರಳು ಹಿಡಿದ.

“ಇದು ಸವಣೂರಿನ ರುಚಿ ಅಲ್ಲ” ಎಂದೆ. “ನಿನಗ ಎರಡೂ ಒಂದ ಅನಸ್ತಾವೇನು?”

ಗುದ್ಲೆಪ್ಪ ಬಟ್ಟಲನ್ನು ಮರಳಿ ನನ್ನ ಕಡೆ ಸರಿಸಿದ.

“ನನಗ ಯಾವುದೂ ಅನಸೂದಿಲ್ಲ ನೀಲಪ್ಪ. ಆ ರೋಗ ಬಂದು ಹೋತಲ್ಲ, ಆವಾಗಿಂದ ನಾಲಿಗಿ ಸತ್ತೈತಿ. ಉಪ್ಪು ಗೊತ್ತಾಗೂದಿಲ್ಲ, ಸಕ್ರಿ ಗೊತ್ತಾಗೂದಿಲ್ಲ.”

“ಹಿರೇಕೆರೂರಿನ ಗಾಡಿ ಮುಂದ ನಿಂತಾಗೂ?”

“ಆಗೂ.”

ನಾನು ಒಂದೊಂದೇ ನೆನೆಸಿಕೊಂಡೆ. ಹಿರೇಕೆರೂರಿನ ಒಂದು, ಹಾನಗಲ್ಲಿನ ಎರಡು, ಸವಣೂರಿನ ನಾಲ್ಕು. ಅವನು ಹಿಡಿದ ಬೆರಳೆಲ್ಲ ನಾನು ಹಿಡಿದ ಬೆರಳೇ. ಅಷ್ಟು ಊರು, ಅಷ್ಟು ಬಸ್ಸು, ಅಷ್ಟು ನಗು. ಎಲ್ಲದರಲ್ಲಿಯೂ ನಾನು ಒಬ್ಬನೇ ತಿಂದಿದ್ದೆ. ನಾಲಿಗೆ ಹೋದದ್ದನ್ನು ಮೊದಲೇ ಹೇಳಿದ್ದರೆ ಅವನ ಪಾಲಿನದನ್ನೂ ನಾನೇ ತಿಂದು ಹೇಳುತ್ತಿದ್ದೆ. ಮಗನಿಗೆ ಅಂಗಡಿ ಹಾಕಬೇಕು ಎಂದಿದ್ದರೆ ನಾಲ್ಕು ತಾಲೂಕು ತಿರುಗಿ ಅವನದೇ ಒಂದು ರುಚಿ ಹುಡುಕಿ ಕೊಡುತ್ತಿದ್ದೆ.

“ಪರಮೇಶ ಕೈ ಖಾಲಿ ಕುಂತಿದ್ದ” ಎಂದ ಗುದ್ಲೆಪ್ಪ. “ಅಂಗಡಿಗೆ ಅಂದ್ರ ನೀ ಹೇಳೂದಿಲ್ಲ ಅಂತ ತಿಳಕೊಂಡೆ.”

“ನಾ ಹೇಳಿದ್ದು ತಪ್ಪಿತ್ತು, ಗುದ್ಲೆಪ್ಪ. ಆಕಿ ಅದರಾಗ ಗುರೆಳ್ಳ ಹಾಕೂದಿಲ್ಲ.”

ಅವನು ತಲೆ ಎತ್ತಿದ. ಕಣ್ಣಲ್ಲಿ ಹಳೆಯ ಸಂತೆಯ ಹೊಳಪು ಬಂದಿತ್ತು. ಕೈ ಇನ್ನೂ ಟವೆಲ್ಲಿನ ಕೆಳಗೇ ಇತ್ತು.

“ಮತ್ತ ಏನ ಹಾಕ್ತಾಳ?”

ಬಸ್ಸಿನಲ್ಲಿ ವಾರಕ್ಕೊಮ್ಮೆ ಕೇಳುತ್ತಿದ್ದ ಅದೇ ದನಿ. ನಾನು ಟವೆಲ್ ಎಳೆದುಕೊಂಡೆ. ಅವನ ಕೈ ಹಲಗೆಯ ಮೇಲೆ ಬೆರಳು ಅರ್ಧ ಮಡಚಿಕೊಂಡು ಬಯಲಿಗೆ ಬಿದ್ದಿತ್ತು. ಎದ್ದು ಬಂದೆ.

ಮುಂದಿನ ವಾರ ಸವಣೂರಿಗೆ ಹೋದಾಗ ಶಾಕೀರಾ ಇರಲಿಲ್ಲ. ತಸ್ಲೀಮಾ ಒಬ್ಬಳೇ ಹಿಟ್ಟು ನಾದುತ್ತಿದ್ದಳು. ಶಿಗ್ಗಾಂವಿಯಲ್ಲಿ ಕರಿ ರಾಮೆನ್ ಸುರುವಾಗಿದೆ ಎಂದು ಗಿರಾಕಿಯೊಬ್ಬ ಹೇಳಿದ್ದನಂತೆ. ನನಗೆ ತೋರಿಸುವ ಮೊದಲೇ ಅದು ಸುರುವಾಗಿತ್ತು, ಆಗ ತನ್ನನ್ನು ಬಿಟ್ಟರೆ ಬಲ್ಲವಳು ಶಾಕೀರಾ ಒಬ್ಬಳೇ, ಅವಳಲ್ಲದೆ ಇನ್ನಾರು ಎಂದು ಜಗಳವಾಗಿತ್ತು. ಶಾಕೀರಾ ಅಳುತ್ತ ಹುಲಗೂರಿಗೆ ಹೋಗಿ ಐದು ದಿನವಾಗಿತ್ತು. ಹೇಳುತ್ತ ಹೇಳುತ್ತ ತಸ್ಲೀಮಾ ಹಿಟ್ಟನ್ನು ಗುದ್ದುತ್ತಿದ್ದಳು. “ಮನಿ ಮಂದೀನ ಹಿಂಗ ಮಾಡಿದ್ರ ಯಾರನ್ನ ನಂಬೂದ್ರಿ ಅಜ್ಜಾ?”

ಟವೆಲ್ಲಿನ ಕೆಳಗಿನದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಹೊರಗೆ ತೆಗೆದೆ. ಬೆರಳು, ಬಸ್ಸು, ವಾರಕ್ಕೊಂದು ಪ್ರಶ್ನೆ, ಪಾಪಡಖಾರ, ಕೋಳಿಯ ಕಾಲು, ಸಿಗಡಿ, ಎಲ್ಲ ಹೇಳಿದೆ. ಬೆಳ್ಳುಳ್ಳಿಯ ಮಾತು ಮಾತ್ರ ನನ್ನಿಂದ ಹೋಗಿಲ್ಲ, ಅಲ್ಲಿ ಇರುವುದು ನನ್ನ ತಪ್ಪು ಗುರೆಳ್ಳು ಎಂದೆ. ಆ ದಿನ ಅದನ್ನೂ ಹೇಳಲೆಂದೇ ಶಿಗ್ಗಾಂವಿಗೆ ಹೊರಟಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಅವಳು ಬೈಯಲಿಲ್ಲ. ಕೈ ತೊಳೆದು, ಗೋಡೆಯ ಕಡೆ ತಿರುಗಿ ನಿಂತು ಶಾಕೀರಾಳಿಗೆ ಫೋನು ಹಚ್ಚಿದಳು. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದಾಗ ತಸ್ಲೀಮಾ ತಪ್ಪಾಯಿತೆಂದು ಹೇಳಿ ಸೆರಗು ಬಾಯಿಗೆ ಹಿಡಿದಳು. ಆಮೇಲೆ ನನ್ನ ಮುಂದೆ ಒಂದು ಬಟ್ಟಲು ತಂದಿಟ್ಟಳು. ಅಂದು ಅದು ಐದಾಗಿತ್ತು. ಕೈ ತಾನಾಗಿ ಟವೆಲ್ಲಿಗೆ ಹೋಯಿತು. ಬಾಯಿ ಒರೆಸಿಕೊಂಡು ಮತ್ತೆ ಹೆಗಲಿಗೆ ಹಾಕಿದೆ.

ಅದರ ಮರುವಾರ ಶಾಕೀರಾ ಬಂದಿದ್ದಳು. ನಾದಿನಿ ಅತ್ತಿಗೆ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದದ್ದು ರಸ್ತೆಗೆ ಕೇಳುತ್ತಿತ್ತು. ನಾನು ಹೊಸ್ತಿಲಲ್ಲಿ ಕಾಲಿಟ್ಟೊಡನೆ ನಗು ನಿಂತಿತು. ಬರ್ರಿ ಅಜ್ಜಾ ಎಂದರು, ಬೆಂಚು ಒರೆಸಿದರು. ಶಾಕೀರಾ ಒಳಗೆ ಹೋಗಿ, ಒಲೆಯ ಮೇಲಿನ ಪಾತೇಲಿಗೂ ಪಕ್ಕದ ಎಣ್ಣೆಯ ಡಬ್ಬಿಗೂ ಮುಚ್ಚಳ ಹಾಕಿ ಬಂದಳು.