ರೇನೊ ಮನೆಯ ಫರ್ನೇಸ್

ಜನವರಿಯ ಎರಡನೆಯ ವಾರ ಐಲಿ ಫೋನ್ ಮಾಡಿದಾಗ ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿತ್ತು. ಮನೆ ಕಾಯಿಸುವ ಫರ್ನೇಸಿನಲ್ಲಿ ಬೆಂಕಿ ಹತ್ತುತ್ತದೆ, ಆದರೆ ಕೋಣೆಗಳಿಗೆ ಬಿಸಿಗಾಳಿ ಬರುತ್ತಿಲ್ಲ, ಸ್ವಲ್ಪ ಹೊತ್ತಿಗೆ ಬೆಂಕಿಯೂ ಆರಿಹೋಗುತ್ತದೆ ಎಂದಳು. ಆ ಫರ್ನೇಸನ್ನು ಕೂರಿಸಿಕೊಟ್ಟವನು ನಾನೇ. ಅವಳ ಗಂಡ ರೇನೊ ನನ್ನ ಬಾಲ್ಯದ ಗೆಳೆಯ. ಇಲ್ಲಿಯ ಕಬ್ಬಿಣದ ಗಣಿಯಲ್ಲಿ ಮೂವತ್ತೈದು ವರ್ಷ ಮೋಟಾರು ರಿಪೇರಿ ಮಾಡಿದವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ನಡುಮನೆಯ ಕಿಟಕಿಯ ಪಕ್ಕ ಹಾಕಿದ್ದ ಮಂಚದಲ್ಲೇ ಇರುತ್ತಿದ್ದ.

ನೆಲಮಾಳಿಗೆಗೆ ಇಳಿದು ಫರ್ನೇಸಿನ ಮುಚ್ಚಳ ತೆಗೆದೆ. ಗಾಳಿ ತಳ್ಳುವ ಬ್ಲೋವರಿನ ಮೋಟಾರು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕರೆಂಟು ತೆಗೆದು ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ಸುಟ್ಟ ವಾಸನೆ ಬೇರೆ. ಒಳಗಿನ ತಂತಿಯ ವೈಂಡಿಂಗ್ ಸುಟ್ಟುಹೋಗಿದೆ ಎಂದು ತೀರ್ಮಾನಿಸಿಬಿಟ್ಟೆ. ಅಂಗಡಿಗೆ ಫೋನ್ ಮಾಡಿದರೆ, ಇದು ಹಳೆಯ ಮಾದರಿ, ಹೊಸ ಮೋಟಾರು ದಕ್ಷಿಣದ ಗೋದಾಮಿನಿಂದ ಬರಬೇಕು, ಹಿಮಗಾಳಿ ಎದ್ದಿರುವುದರಿಂದ ನಾಲ್ಕು ದಿನವಾದರೂ ಹಿಡಿಯುತ್ತದೆ ಎಂದರು ಅಂಗಡಿಯವರು.

ಮೇಲೆ ಬಂದು ಇದನ್ನು ಹೇಳಿದಾಗ ರೇನೊ ಬಲಗೈ ಎತ್ತಿ ಗಾಳಿಯಲ್ಲಿ ಸುತ್ತಿಸಿದ.

"ಚಕ್ರಾನ... ಕೋಲಲ್ಲಿ... ತಳ್ಳಿ ನೋಡಿದ್ಯಾ?"

"ನಲವತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ ಕಣೋ. ನೀನು ಸುಮ್ನೆ ಮಲ್ಕೋ," ಎಂದೆ.

ತಮಾಷೆಗೆ ಹೇಳಿದ್ದು. ಅವನು ನಗಲಿಲ್ಲ.

ನನ್ನ ಬಳಿಯಿದ್ದ ಎರಡು ಕರೆಂಟ್ ಹೀಟರ್ ತಂದು ಹಚ್ಚಿದೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಫ್ಯೂಸು ಹಾರುತ್ತಿತ್ತು. ಒಂದೇ ಒಂದರಲ್ಲಿ ನಡುಮನೆ ಬೆಚ್ಚಗಾಗಲಿಲ್ಲ. ರೇನೊನನ್ನು ನೋಡಲು ಮಧ್ಯಾಹ್ನ ಬಂದ ನರ್ಸು, ಇಂಥ ಚಳಿಯಲ್ಲಿ ಇವರನ್ನು ಇಲ್ಲಿಡುವಂತಿಲ್ಲ, ಪಟ್ಟಣದ ಆರೈಕೆ ಕೇಂದ್ರಕ್ಕೆ ಸೇರಿಸಿ ಎಂದಳು. ಐಲಿ ಒಪ್ಪಲಿಲ್ಲ. ಇನ್ನು ಯಾವತ್ತೂ ಮನೆಯಿಂದ ಹೊರಗೆ ಕಳಿಸುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಕಂಬಳಿ ಹೊದಿಸಿ ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಅವಳ ಮನಸ್ಸು ತಿರುಗಿಸಿದವನು ನಾನು.

"ನಾಲ್ಕೇ ದಿನ ಐಲಿ. ಮೋಟಾರ್ ಹಾಕಿ, ನಾನೇ ಹೋಗಿ ಕರ್ಕೊಂಡ್ ಬರ್ತೀನಿ."

ಕರೆದೊಯ್ಯುವಾಗ ರೇನೊ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಐಲಿ ಅಲ್ಲಿ ಅವನ ಜೊತೆಗೇ ಉಳಿದಳು.

ಮೂರನೆಯ ದಿನ ಬೆಳಿಗ್ಗೆ, ಹೊಸ ಮೋಟಾರು ಬರುವಷ್ಟರಲ್ಲಿ ಹಳೆಯದನ್ನು ಬಿಚ್ಚಿಡೋಣವೆಂದು ಹೋದೆ. ಕೈ ಹಾಕಿದರೆ ಬ್ಲೋವರಿನ ಚಕ್ರ ಸಲೀಸಾಗಿ ತಿರುಗಿತು. ಏಕೋ ಸಂಶಯ ಬಂತು. ಕರೆಂಟು ಕೊಟ್ಟು, ಮೂಲೆಯಲ್ಲಿದ್ದ ಒಂದು ಕೋಲಿನಿಂದ ಚಕ್ರವನ್ನು ಮೆಲ್ಲಗೆ ತಳ್ಳಿದೆ. ಅದು ತಾನಾಗಿಯೇ ವೇಗ ಹಿಡಿದು ಓಡತೊಡಗಿತು. ಮೋಟಾರಿಗೆ ಏನೂ ಆಗಿರಲಿಲ್ಲ. ಅದನ್ನು ಎಬ್ಬಿಸಿ ಓಡಿಸುವ ಕೆಪಾಸಿಟರ್ ಊದಿಕೊಂಡು ಸತ್ತಿತ್ತು. ಅಂಥದ್ದು ನನ್ನ ವ್ಯಾನಿನಲ್ಲಿ ಯಾವಾಗಲೂ ಇರುತ್ತದೆ. ಹಾಕಲು ಹತ್ತು ನಿಮಿಷ ಸಾಕಾಯಿತು. ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಲೆ ಖಾಲಿ ಮನೆ ಬೆಚ್ಚಗಾಗುತ್ತಿತ್ತು.

ರೇನೊನನ್ನು ಕರೆತರಲು ಹೋದರೆ, ಅವನಿಗೆ ಹಿಂದಿನ ದಿನದಿಂದ ಜ್ವರ. ಎದೆಯಲ್ಲಿ ಕಫ ಕಟ್ಟಿತ್ತು. ಡಾಕ್ಟರು ಕಳಿಸಲು ಒಪ್ಪಲಿಲ್ಲ. ಮೋಟಾರು ಬಂತೇ ಎಂದು ಐಲಿ ಕೇಳಿದಳು. ಮನೆ ಬೆಚ್ಚಗಿದೆ ಎಂದಷ್ಟೇ ಹೇಳಿದೆ. ರೇನೊ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನೀನು ಹೇಳಿದ್ದೇ ಸರಿ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಐಲಿಯ ಎದುರು ಆಡಲಾಗಲಿಲ್ಲ. ಎರಡು ದಿನದ ಮೇಲೆ ಅವನು ಅಲ್ಲೇ ತೀರಿಕೊಂಡ.

ಮಣ್ಣಾಗಿ ಒಂದು ವಾರ ಕಳೆದ ಮೇಲೆ ಐಲಿಯ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಕಾಫಿ ಬಗ್ಗಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟಳು.

"ಮೊದಲ್ನೇ ದಿನಾನೂ ಅದು ನಿನ್ ವ್ಯಾನಲ್ಲಿ ಇತ್ತಾ?"

"ಇತ್ತು."

ಪಾತ್ರೆ ಮತ್ತೆ ಎತ್ತಿ ನನ್ನ ಲೋಟಕ್ಕೆ ಕಾಫಿ ತುಂಬಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಂಗೆ ಹೇಳಿದ್ದು ಇರ್ಲಿ ಆರ್ವೊ. ಅವನಿಗೆ ಹೇಳ್ಬೇಕಿತ್ತು ನೀನು. ಮಾತು ಬಿದ್ದೋದ್ಮೇಲೆ ಅವನು ಹೇಳಿದ್ದನ್ನ ಯಾರೂ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ. ನೀನ್ ಹೇಳಿದ್ದಿದ್ರೆ ಎಷ್ಟು ಖುಷಿ ಪಡ್ತಿದ್ದ."

ಏಲಕ್ಕಿ ಬ್ರೆಡ್ ಕತ್ತರಿಸಿ ಒಂದು ಚೂರು ನನ್ನ ಮುಂದಿಟ್ಟಳು. ತಿಂದೆ. ಮತ್ತೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಈ ಚಳಿಗಾಲಕ್ಕೆ ಮುಂಚೆ ಅವಳು ಫರ್ನೇಸ್ ನೋಡಲು ಬೇರೆಯವರನ್ನು ಕರೆಸಿದಳಂತೆ. ಚರ್ಚಿನಲ್ಲಿ ಸಿಕ್ಕರೆ ಈಗಲೂ ನಿಂತು ಮಾತಾಡಿಸುತ್ತಾಳೆ, ನನ್ನ ಮಂಡಿನೋವು ಹೇಗಿದೆ ಎಂದು ಕೇಳುತ್ತಾಳೆ.