ಕೇರಿ ಹೆಸರಿನ ಕಂಪ್ಯೂಟರು

"ಏ ಹಾಲೀ, ಮುಟ್ಟಬ್ಯಾಡ! ಮುಟ್ಟಿದಂಗ ಕುಂದ್ರು ಅಂದ್ರ ತಿಳಿಯೂದಿಲ್ಲೇನ್ ನಿನ್ನ ಸುಡಗಾಡ ತಲಿಗೆ?"

ಹಾಲವ್ವ ಬೆಚ್ಚಿ ಕೀಲಿಮಣೆಯಿಂದ ಕೈ ಎತ್ತಿ ಗಾಳಿಯಲ್ಲೇ ಹಿಡಿದಳು. ಗೋವಿನಜೋಳದ ಹೊಲದಲ್ಲಿ ಕಸ ಕೀಳುತ್ತಿದ್ದವಳನ್ನು ಕರೆಸಿ, ತನ್ನ ಮನೆಯ ಪಡಸಾಲೆಯ ಕಂಪ್ಯೂಟರಿನ ಮುಂದೆ ಕೂರಿಸಿದ್ದ ಪಂಚಾಯ್ತಿ ಸದಸ್ಯ ಪ್ರಭುಗೌಡ. ಯಾಕೆಂದು ಹೇಳಿರಲಿಲ್ಲ. ಮೊಬೈಲು ಹಿಡಿದು ಹಿಂದೆ ಮುಂದೆ ಸರಿಯುತ್ತಿದ್ದ.

"ನಗು ಒಂದೀಟು. ಹೆಣದ ಮುಂದ ಕುಂತಂಗ ಕುಂತೀಯಲ್ಲ!"

ನಕ್ಕಳು. ಫೋಟೋ ಆಯಿತು.

"ಏಳಿನ್ನ. ಕುರ್ಚಿ ಒರಸು."

ಒರೆಸಿದ ಕುರ್ಚಿಯ ಮೇಲೆ ಟವೆಲ್ಲು ಹಾಸಿ ಗೌಡನ ಮಗಳು ಮಾಲಾ ಕೂತಳು. ಅವಳ ಬೆರಳುಗಳು ಕೀಲಿಗಳ ಮೇಲೆ ಓಡತೊಡಗಿದವು. ಎಳೆ ಬೆಂಡೆಕಾಯಿಯಂಥ ಬೆರಳುಗಳು. ಹಾಲವ್ವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಇವಳೂ ತನ್ನ ಮಗಳು ಮಂಜುಳಾಳೂ ಒಂದೇ ವರ್ಗದಲ್ಲಿ ಓದಿದವರು. ಲೆಕ್ಕದಲ್ಲಿ ಮಂಜುಳಾಳೇ ಮುಂದು. ಸವಣೂರಿನ ಹಾಸ್ಟೆಲ್ಲಿಗೆ ಅರ್ಜಿ ಹಾಕಲು ಯಾರದಾದರೂ ಮೊಬೈಲು ಸಿಕ್ಕೀತೆಂದು ಮನೆಮನೆ ಅಲೆಯುವಷ್ಟರಲ್ಲಿ ತಾರೀಖು ಮುಗಿದಿತ್ತು. ಈಗ ತಾಯಿಯ ಪಕ್ಕದ ಸಾಲಿನಲ್ಲಿ ಕಸ ಕೀಳುತ್ತಾಳೆ. ಈ ಮಾಲಾಳ ಬೆರಳು ಸೆಟೆದು ಹೋಗಲಿ ಎಂದು ಹಾಲವ್ವ ಮನಸ್ಸಿನಲ್ಲೇ ಶಪಿಸಿದಳು. ನಾಚಿಕೆಯೇನೂ ಆಗಲಿಲ್ಲ.

"ಏನ್ ನೋಡಾಕತ್ತೀ?" ತಿರುಗದೆಯೇ ಕೇಳಿದಳು ಮಾಲಾ.

"ನಿಮ್ಮ ಕೈ ನೋಡಾಕತ್ತೇನ್ರಿ ಅಕ್ಕಾರ. ನಮ್ಮ ಮಂಜುಳಾ ಸಂಜಿಮುಂದ ಬಂದು ಒಂದೀಟು ಕುಂದ್ರಲೇನ್ರಿ?"

ಗೌಡ ಬಿದ್ದು ಬಿದ್ದು ನಕ್ಕ. "ಕಸಾ ಕೀಳೂ ಕೈಗೆ ಕಂಪ್ಯೂಟರ್ ಯಾಕ ಬೇ? ಸರ್ಕಾರದವರು ನಿಮ್ಮ ಕೇರಿ ಹೆಸರ್ಲೆ ಕೊಟ್ಟಾರಂತ ಅದು ನಿಮ್ಮದಾಕ್ಕೈತೇನು? ಕಲ್ಯಾಕತ್ತೀರಿ ಅಂತ ಒಂದ್ ಫೋಟೋ ಕಳಸಿದ್ರ ಮುಗೀತು."

"ನಮ್ಮ ಕೇರಿ ಹೆಸರ್ಲೆ ಬಂದೈತೇನ್ರಿ?"

ಗೌಡ ನಗು ನಿಲ್ಲಿಸಿದ. "ನಡಿ, ಹೊಲಕ್ಕ ನಡಿ."

ಹಾಲವ್ವ ನಡೆಯಲಿಲ್ಲ. ವರ್ಷದಿಂದ ಈ ಪಡಸಾಲೆಯ ಕಸ ಹೊಡೆಯುವಾಗೆಲ್ಲ ಕಂಡವರ ಭಾಗ್ಯ ನೋಡಿ ಹೊಟ್ಟೆ ಉರಿದುಕೊಂಡಿದ್ದಳು. ಉರಿದದ್ದು ತನ್ನದೇ ವಸ್ತುವಿಗೆ! ಮೇಜಿನ ಬಳಿ ಹೋಗಿ, ಸಿಕ್ಕ ವೈರು ಕಿತ್ತು, ಪರದೆಯನ್ನು ಎದೆಗವಚಿಕೊಂಡಳು.

"ಅಪ್ಪಾ, ಮುಟ್ಟಿದ್ಲು!" ಮಾಲಾ ಚೀರಿದಳು.

"ಇಡು ಕೆಳಗ, ಬೋಸುಡಿ! ಕೈ ಕಡಿತೇನಿ!"

"ಕಡೀರಿ. ಕೇರಿಗೆ ಬಂದು ಎಲ್ಲಾರ ಮುಂದ ಕಡೀರಿ."

ಹೊಸ್ತಿಲು ದಾಟಿ ನಡುಬೀದಿಯಲ್ಲೇ ಕೇರಿಯ ಕಡೆ ನಡೆದಳು. ಕೇರಿಯ ಜನ ಬಾಗಿಲಿಗೆ ಬಂದು ನಿಂತರು. ಸುದ್ದಿ ಕೇಳಿ ಹೊಲದಿಂದ ಓಡಿಬಂದ ಮಂಜುಳಾ ಏದುಸಿರು ಬಿಡುತ್ತ ನೋಡಿದಳು.

"ಯವ್ವಾ, ಇದು ಬರೇ ಪರದೆ! ಇದನ್ನ ನಡಸೂ ಪೆಟಗಿ ಅಲ್ಲೇ ಉಳದೈತಿ. ಅದಿಲ್ಲಂದ್ರ ಇದರಾಗ ಏನೂ ಕಾಣೂದಿಲ್ಲ."

ಗೌಡನ ಮನೆಯ ಕಡೆಯಿಂದ ಮೋಟರ್‌ಸೈಕಲ್ಲುಗಳ ಸದ್ದು ಎದ್ದಿತು. ಹಾಲವ್ವ ಪರದೆಯನ್ನು ನೆರೆಮನೆಯ ಶೇಖವ್ವನ ಕೈಗೆ ಕೊಟ್ಟು, ಸೀರೆಯ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು.

"ನಡಿ, ಅದನ್ನೂ ತರೂಣು."